ಕಂಡರೆ ನಮಗಲ್ಲ

ನಮ್ಮೂರಿನಲ್ಲಿ ಯಾರಿಗೆ ಬಂದ ಕಾಗದವೂ ಅವರ ಕಣ್ಣಿಗೆ ಕಾಣುವುದಿಲ್ಲ. ಲಕೋಟೆ ಕಾಣುತ್ತದೆ, ಸ್ಟಾಂಪು ಕಾಣುತ್ತದೆ, ಬಿಡಿಸಿ ನೋಡಿದರೆ ಮಾತ್ರ ಆಗತಾನೇ ಒಗೆದ ಪಂಚೆಯ ಹಾಗೆ ಬೆಳ್ಳಗೆ ಇರುತ್ತದೆ. ಪಕ್ಕದವರು ಇಣುಕಿದರೆ ಅಕ್ಷರಗಳು ಸಾಲಾಗಿ ನಿಂತಿರುತ್ತವೆ. ಯಾಕೆ ಹೀಗೆ ಎಂದು ಹೊರಗಿನವರು ಕೇಳಿದರೆ, ಬೇವಿನ ಸೊಪ್ಪು ಯಾಕೆ ಕಹಿ ಎಂದು ನಾವು ತಿರುಗಿ ಕೇಳುತ್ತೇವೆ. ಹಾಗಾಗಿ ಇಲ್ಲಿ ಪ್ರತಿಯೊಬ್ಬರಿಗೂ ಓದುವವರು ಅಂತ ಒಬ್ಬರು ಇರಲೇಬೇಕು. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಆಮೇಲೆ ಕೇಳುತ್ತಾರೆ, ಮೊದಲು ಕೇಳುವುದು ಓದುವವರು ಯಾರು ಎಂದು. ಗಂಡನ ಕಾಗದ ಹೆಂಡತಿ, ಹೆಂಡತಿಯ ಕಾಗದ ಗಂಡ ಓದುವ ಮನೆಗಳೂ ಇವೆ. ಅಂಥ ಮನೆಗಳಲ್ಲಿ ಪಾತ್ರೆಗಳ ಸದ್ದು ಸ್ವಲ್ಪ ಜಾಸ್ತಿ.

ಓದುವುದಕ್ಕೂ ಒಂದು ಮರ್ಯಾದೆ ಇದೆ. ಓದಿಸಿಕೊಳ್ಳುವವರು ಗೋಡೆಯ ಕಡೆ ಮುಖ ಮಾಡಿ ಕೂರಬೇಕು, ಯಾಕೆಂದರೆ ಸುದ್ದಿ ಕೇಳುವಾಗಿನ ಮುಖ ಅವರೊಬ್ಬರದೇ ಸೊತ್ತು. ಓದಿ ಮುಗಿದ ಮೇಲೆ ಓದಿದವರು ಒಂದು ಲೋಟ ನೀರು ಕುಡಿಯಬೇಕು. ನೀರು ಒಳಗೆ ಹೋದರೆ ಓದಿದ್ದೂ ಒಳಗೆ ಹೋಯಿತು, ಆಮೇಲೆ ಅದು ಬಾಯಿಗೆ ಬರುವ ಹಾಗಿಲ್ಲ. ನಾನು ಟೈಲರ್ ಇಂದ್ರಮ್ಮ. ರವಿಕೆ ಹೊಲಿಯುತ್ತೇನೆ, ಈ ಬೀದಿಯಲ್ಲಿ ಮೂವರಿಗೆ ಓದುತ್ತೇನೆ. ನನ್ನ ಹೊಟ್ಟೆಯಲ್ಲಿ ಏನೇನಿದೆ ಎಂದು ಗೊತ್ತಾದರೆ ಈ ಬೀದಿಯಲ್ಲಿ ಅರ್ಧ ಜನ ಮನೆ ಬದಲಾಯಿಸುತ್ತಾರೆ. ಈ ಕತೆಯನ್ನಾದರೂ ಹೇಳುತ್ತಿರುವುದು ಗಿರಣಿಯ ದಾಕ್ಷಾಯಿಣಿಯೇ ಅದನ್ನು ಗೋಡೆಯ ಮೇಲೆ ಬರೆದು ಊರಿಗೆಲ್ಲ ತೋರಿಸಿದಳು ಎಂಬ ಧೈರ್ಯದಿಂದ.

ಇನ್ನೊಂದು ಮಾತು ಹೇಳಬೇಕು. ನಮಗೆಂದೇ ಬರೆದದ್ದು ನಮಗೆ ಕಾಣುವುದಿಲ್ಲ, ನಿಜ. ಆದರೆ ಯಾರಿಗೂ ಅಂತ ಬರೆಯದೆ ಎಲ್ಲರಿಗೂ ಕಳಿಸಿದ್ದು ಚೆನ್ನಾಗಿ ಕಾಣುತ್ತದೆ. ಕರೆಂಟ್ ಬಿಲ್ಲು ಕಾಣುತ್ತದೆ. ಹುಟ್ಟುಹಬ್ಬಕ್ಕೆ ಬ್ಯಾಂಕು ಕಳಿಸುವ ಶುಭಾಶಯ ಕಾಣುತ್ತದೆ. 'ಕಂಡರೆ ನಮಗಲ್ಲ' ಎಂಬುದು ನಮ್ಮೂರಿನ ಗಾದೆ. ಮದುವೆಯ ಕಾಲದಲ್ಲಿ ಈ ಗಾದೆ ಬಹಳ ಮನೆ ಮುರಿದಿದೆ. ಐನೂರು ಪತ್ರಿಕೆ ಅಚ್ಚು ಹಾಕಿಸಿ ಹಂಚಿದರೂ, ಕರೆಯುವವರ ಮನಸ್ಸಿನಲ್ಲಿ ನಿಜವಾಗಿ ಇದ್ದವರಿಗೆ ಪತ್ರಿಕೆ ಬರೀ ಹಳದಿ ಹಾಳೆಯಾಗಿ ಕಾಣುತ್ತದೆ, ಉಳಿದವರಿಗೆ ಗಣಪತಿಯಿಂದ ಹಿಡಿದು ಎಲ್ಲ ಕಾಣುತ್ತದೆ. ನನ್ನ ಸ್ವಂತ ಚಿಕ್ಕಪ್ಪನ ಮಗಳ ಲಗ್ನಪತ್ರಿಕೆ ನನಗೆ ಕೆಳಗಿನ ಪ್ರೆಸ್ಸಿನ ಹೆಸರಿನ ಸಮೇತ ಕಂಡಿತು. ಹೋಗಲಿಲ್ಲ. ಹೋಳಿಗೆ ಚೆನ್ನಾಗಿತ್ತಂತೆ.

ದಾಕ್ಷಾಯಿಣಿಯದು ನನ್ನ ಅಂಗಡಿಯ ಎದುರಿನ ಹಿಟ್ಟಿನ ಗಿರಣಿ. ಒಂಬತ್ತು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಮೈದುನಂದಿರು ಗಿರಣಿ ಮಾರು ಎಂದರು. ಅವಳು ಹನ್ನೊಂದನೆಯ ದಿನಕ್ಕೇ ಬಾಗಿಲು ತೆರೆದು ಬೆಲ್ಟು ಹಾಕಿದಳು. ಈಗ ಐವತ್ತನಾಲ್ಕು. ಬೆಳಿಗ್ಗೆಯಿಂದ ಸಂಜೆಯವರೆಗೆ ತಲೆಯಿಂದ ಕಾಲಿನವರೆಗೂ ಹಿಟ್ಟು, ಬಾಯಿ ತೆರೆದರೆ ಖಾರದಪುಡಿ. ಡಬ್ಬದ ಸಾಲು ತಪ್ಪಿಸಿದವರು ದೇವರಾದರೂ ಸರಿ, ಅವಳು ಬಿಟ್ಟವಳಲ್ಲ. ಅವಳು ನಕ್ಕದ್ದನ್ನು ಕಂಡವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ.

ಎರಡು ವರ್ಷದ ಹಿಂದೆ ಗಿರಣಿಯ ಕಲ್ಲು ಸವೆದು, ಹೊಸ ಸಾಮಾನಿಗೆ ಅಂತ ಬೆಟ್ಟದಾಚೆಯ ಊರಿನ ಪರಮಶಿವಯ್ಯ ಎಂಬವರಿಗೆ ಮೇಲ್ ಮಾಡಿದೆವು. ಗಿರಣಿ ಸಾಮಾನು ಮಾರುವವರು, ಕಲ್ಲಿಗೆ ಹೊಸದಾಗಿ ಗೀರು ಹಾಕಿಕೊಡುವವರು, ಹೆಂಡತಿ ಇಲ್ಲದವರು. ಅವರು ಬೆಲೆಪಟ್ಟಿ ಕಳಿಸಿದರು. ಅದನ್ನು ಪ್ರಿಂಟ್ ತೆಗೆಸಿ ಗಿರಣಿಯ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ್ದಳು. ಎಲ್ಲರಿಗೂ ಕಳಿಸುವ ಪಟ್ಟಿಯಾದ್ದರಿಂದ ಅವಳಿಗೂ ಕಾಣುತ್ತಿತ್ತು. ನಾಲ್ಕನೆಯ ಸಲ ಬಂದ ಪಟ್ಟಿಯನ್ನು ಸಿಕ್ಕಿಸುವಾಗ, "ಇಂದ್ರಕ್ಕ, ಕೆಳಗಡೆ ಇಷ್ಟು ಜಾಗ ಯಾಕೆ ಖಾಲಿ ಬಿಟ್ಟವ್ರೆ?" ಎಂದಳು. ನಾನು ನೋಡಿದೆ. ಅಲ್ಲಿ ಒಂದು ಸಾಲು ಇತ್ತು: 'ಬೆಲ್ಟ್ ಹಾಕುವಾಗ ಬೆರಳು ಜೋಪಾನ.' ನಾನು ಓದಿ ಹೇಳಿದೆ. ಅವಳು ಸುತ್ತಿಗೆ ತೆಗೆದುಕೊಂಡು ಮೊಳೆಯನ್ನು ಬೇಕಿದ್ದಕ್ಕಿಂತ ಆಳಕ್ಕೆ ಹೊಡೆದಳು. ಆಮೇಲೆ ಬಂದ ಮೇಲ್‌ಗಳಲ್ಲಿ ಪಟ್ಟಿ ಚಿಕ್ಕದಾಗುತ್ತಾ ಹೋಯಿತು, ಖಾಲಿ ಜಾಗ ದೊಡ್ಡದಾಗುತ್ತಾ ಬಂತು. ನಾನು ಬಹಳ ನೀರು ಕುಡಿದೆ.

ಆ ದರಿದ್ರ ಮೇಲ್ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ, ಗಿರಣಿ ಶುರುವಾಗುವ ಮುಂಚೆ. ದಾಕ್ಷಾಯಿಣಿ ರೂಢಿಯಂತೆ ರಾಗಿಮೂಟೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಳು. ನಾನು ಲ್ಯಾಪ್‌ಟಾಪ್ ಬಿಚ್ಚಿ ಓದತೊಡಗಿದೆ. ಯಾವುದೋ ಯಂತ್ರ ಅಗಿದು ಉಗಿದಂಥ ಕನ್ನಡ.

"'ಶುಭಾಶಯಗಳು, ಪ್ರಿಯ ಬಳಕೆದಾರರೇ. ನಾನು ನಿಮಗಾಗಿ ಒಂದು ಕೆಟ್ಟ ಸುದ್ದಿಯನ್ನು ಹೊಂದಿದ್ದೇನೆ. ನಿಮ್ಮ ಗುಪ್ತಪದ ರಾಗಿಹಿಟ್ಟು ಒಂದು ಎರಡು ಮೂರು ಆಗಿದೆ. ಅನೇಕ ತಿಂಗಳುಗಳಿಂದ ನಾನು ನಿಮ್ಮ ಸಾಧನದ ಒಳಗೆ ವಾಸಿಸುತ್ತಿದ್ದೇನೆ...' ಅಯ್ಯೋ ಇವನ, ಬಾಡಿಗೆ ಕೊಡ್ತಾನಂತಾ?"

ನಾನು ಮುಂದುವರಿಸಿದೆ.

"'ನೀವು ಒಬ್ಬರೇ ಇದ್ದಾಗ ಆನಂದಿಸುವುದನ್ನು ನಿಮ್ಮ ಕ್ಯಾಮೆರಾದ ಮೂಲಕ ಚಿತ್ರೀಕರಿಸಿದ್ದೇನೆ. ನೀವು ಬಹಳ ವಿಚಿತ್ರ ರುಚಿಯನ್ನು ಹೊಂದಿರುವಿರಿ. ನಲವತ್ತೆಂಟು ಗಂಟೆಗಳಲ್ಲಿ ಬಿಟ್‌ಕಾಯಿನ್ ಕಳುಹಿಸದಿದ್ದರೆ ವಿಡಿಯೋ ನಿಮ್ಮ ಬಂಧುಗಳಿಗೂ ನೆರೆಹೊರೆಯವರಿಗೂ ತಲುಪುತ್ತದೆ. ಈ ಪತ್ರವನ್ನು ಯಾರಿಗೂ ತೋರಿಸಬೇಡಿ.'"

ಕೊನೆಯ ಸಾಲಿಗೆ ನನಗೆ ನಗು ತಡೆಯಲಾಗಲಿಲ್ಲ. ನಮ್ಮೂರಿಗೆ ಕಾಗದ ಬರೆದು ಯಾರಿಗೂ ತೋರಿಸಬೇಡಿ ಎಂದರೆ, ಉಣ್ಣಲು ಕರೆದು ಬಾಯಿ ತೆರೆಯಬೇಡಿ ಎಂದ ಹಾಗೆ. ಆದರೆ ದಾಕ್ಷಾಯಿಣಿಯ ಬೆನ್ನು ನಡುಗುತ್ತಿತ್ತು. ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟೆ.

"ಏನಾಯ್ತೇ?"

"ವಿಚಿತ್ರ ರುಚಿ ಅಂದ್ನಲ್ಲ. ಮಜ್ಜಿಗೆಗೆ ಕೋಡುಬಳೆ ಅದ್ದಿ ತಿನ್ನೋದೂ ನೋಡವ್ನೆ" ಎಂದಳು, ಗೋಡೆಗೆ.

ಆಮೇಲೆ ಒಂದೊಂದೇ ಹೊರಗೆ ಬಂತು. ದಿನಾ ಮಧ್ಯಾಹ್ನ ಎರಡರಿಂದ ಮೂರು ಗಿರಣಿ ಮುಚ್ಚಿರುತ್ತದೆ, ಊಟಕ್ಕೆ ಎಂದು ಊರು ತಿಳಿದಿದೆ. ಅವಳು ಷಟರ್ ಎಳೆದು, ಮುಖದ ಹಿಟ್ಟು ತೊಳೆದು, ಎರಡು ಮೊಳ ಮಲ್ಲಿಗೆ ಮುಡಿದು, ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದಳು. ಆ ಕಡೆ ಪರಮಶಿವಯ್ಯ. ಕಾಗದಕ್ಕಿರುವ ಕಾಟ ಮಾತಿಗೂ ಮುಖಕ್ಕೂ ಇಲ್ಲವಲ್ಲ, ಓದುವವರ ಹಂಗಿಲ್ಲದೆ ಹರಟಬಹುದು.

"ಮಾತಾಡ್ತೀವಿ, ಅಷ್ಟೇ ಇಂದ್ರಕ್ಕ. ಬೇರೆ ಏನಿಲ್ಲ. ಅವ್ರು ಏನಾದ್ರೂ ತಮಾಷೆ ಹೇಳ್ತಾರೆ. ನಾನು ನಗ್ತೀನಿ."

"ನಗ್ತೀಯಾ? ನೀನು?"

"ಜೋರಾಗಿ ನಗ್ತೀನಿ" ಎಂದು ತಪ್ಪೊಪ್ಪಿಕೊಂಡಳು. "ಹೂವು ಮುಡ್ಕೊಂಡು ಕೋಡುಬಳೆ ತಿನ್ಕೊಂಡು ಹಲ್ಲು ಕಿರಿಯೋದನ್ನ ನಮ್ಮ ಮೈದುನಂದಿರು ನೋಡಿದ್ರೆ ನಾಳೆ ಈ ಗಿರಣಿ ಬಾಗಿಲಲ್ಲಿ ಪಂಚಾಯ್ತಿ. ನೋಡಿ, ಇದನ್ನೆಲ್ಲ ನೋಡಿರೋದು ಪ್ರಪಂಚದಲ್ಲಿ ಅವ್ರೊಬ್ರೇ. ರಾಗಿಹಿಟ್ಟು ಅನ್ನೋದನ್ನೂ ನಾನೇ ಅವ್ರಿಗೆ ತಮಾಷೆಗೆ ಹೇಳಿದ್ದೆ. ಇನ್ಯಾರು ಮಾಡ್ತಾರೆ ಇದನ್ನ?"

ಬೆರಳು ಜೋಪಾನ ಎಂದು ಬರೆದ ಮನುಷ್ಯ ಹೀಗೆ ಮಾಡುತ್ತಾನೆಯೇ? "ಅವ್ರು ಅಂಥೋರಲ್ಲ ಕಣೇ. ಒಂದಿನ ತಡಿ" ಎಂದೆ.

"ಕಳ್ಳನ ಹಣೆ ಮೇಲೆ ಬರ್ದಿರುತ್ತಾ? ಬರ್ದಿದ್ರೂ ನನಗೆ ಕಾಣಬೇಕಲ್ಲ" ಎಂದು ತನ್ನ ಫೋನ್ ಎತ್ತಿಕೊಂಡು, ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ ಪರಮಶಿವಯ್ಯನವರಿಗೆ ಮೂರು ಸಾಲು ಕುಟ್ಟಿ ಕಳಿಸಿಬಿಟ್ಟಳು. ನೀವು ಇಂಥವರು ಅಂತ ತಿಳಿದಿರಲಿಲ್ಲ. ನಿಮ್ಮ ಕಲ್ಲೂ ಬೇಡ, ಬೆಲ್ಟೂ ಬೇಡ. ಇನ್ನು ಮುಖ ತೋರಿಸಬೇಡಿ. ಕಳಿಸಿದ ಮೇಲೆ ಗಿರಣಿ ಹಾಕಿದಳು. ಆವತ್ತು ಯಾರ ಗೋಧಿಯೂ ನುಣ್ಣಗಾಗಲಿಲ್ಲ.

ನಾನು ನೀರು ಕುಡಿದವಳು. ಯಾರನ್ನೂ ಕೇಳುವ ಹಾಗಿಲ್ಲ. ರವಿಕೆಯ ತೋಳನ್ನು ತಿರುಗುಮುರುಗು ಹೊಲಿದು ಬಿಚ್ಚಿದೆ. ಬೀದಿಯಲ್ಲಿ ನೋಡಿದರೆ ಆವತ್ತು ಇನ್ನೂ ಕೆಲವರು ಮುಖ ಸಣ್ಣ ಮಾಡಿಕೊಂಡು ಓಡಾಡುತ್ತಿದ್ದರು. ಬಿಸಿಲಿಗೆ ಎಂದುಕೊಂಡೆ. ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು.

ಮಾರನೆಯ ದಿನ ಅವಳು ಮತ್ತೆ ಕರೆದಳು. ಕೇಳಿದ ದುಡ್ಡು ಕೊಟ್ಟು ಕೈ ತೊಳೆದುಕೊಳ್ಳುತ್ತೇನೆ, ಎಲ್ಲಿಗೆ ಕಳಿಸಬೇಕೋ ಆ ವಿಳಾಸ ಸರಿಯಾಗಿ ಓದಿ ಎಂದಳು. ನಾನು ಗಾಬರಿಯಲ್ಲಿ ಕನ್ನಡಕ ಮರೆತು ಬಂದಿದ್ದೆ, ತರಲು ಅಂಗಡಿಗೆ ಹೋದೆ. ಅಷ್ಟರಲ್ಲಿ ತೆರೆಯ ಮೇಲೆ ಕೂತಿದ್ದ ಹಿಟ್ಟನ್ನು ದಾಕ್ಷಾಯಿಣಿ ಸೆರಗಿನಿಂದ ಒರೆಸಿದ್ದಾಳೆ. ಗೋಡೆ ಬಿಟ್ಟು ಈ ಕಡೆ ನೋಡಿದ್ದು ಆಗಲೇ.

"ಇಂದ್ರಕ್ಕಾ!"

ಆ ಕೂಗಿಗೆ ನಾನು ಅಳತೆಯ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಓಡಿದೆ. ಅವಳು ತೆರೆಯ ಮೇಲೆ ಬೆರಳಿಟ್ಟು ಕಣ್ಣು ಬಿಟ್ಟುಕೊಂಡು ನಿಂತಿದ್ದಳು.

"ಕಾಣ್ತಾ ಐತೆ."

"ಏನು ಕಾಣ್ತಾ ಐತೆ?"

"ಎಲ್ಲಾ. ಶು, ಭಾ, ಶ, ಯ, ಗ, ಳು."

ಕೊನೆಯ ಸಾಲು ಓದು ಎಂದೆ. ಓದಿದಳು. ನಡುವಿನದು ಓದು ಎಂದೆ. ವಿಚಿತ್ರ ರುಚಿಯನ್ನೂ ಬಿಡದೆ ಓದಿದಳು. ಅವಳ ಕಣ್ಣಿಗೇ ಏನೋ ಆಯಿತೆಂದು ನನಗೆ ಭಯ. ಅಳತೆ ಬರೆಯುವ ಚೀಟಿ ತೆಗೆದು, ಸೀಮೆಸುಣ್ಣದಲ್ಲಿ 'ದಾಕ್ಷಾಯಿಣಿ, ನಿನ್ನಂಥ ಮುಂಗೋಪಿ ಈ ಸೀಮೆಯಲ್ಲೇ ಇಲ್ಲ' ಎಂದು ಬರೆದು ಹಿಡಿದೆ.

"ಖಾಲಿ ಚೀಟಿ ಯಾಕೆ ತೋರಿಸ್ತೀರಾ? ಏನು ಬರ್ದ್ರಿ?"

"ಒಳ್ಳೇದೇ ಬರ್ದಿದೀನಿ" ಎಂದೆ. ಕಣ್ಣು ಸರಿಯಾಗಿಯೇ ಇತ್ತು.

ಇಬ್ಬರೂ ರಾಗಿಮೂಟೆಯ ಮೇಲೆ ಕುಸಿದು ಕೂತೆವು. ಇಬ್ಬರಿಗೂ ಹೊಳೆದದ್ದು ಒಂದೇ ಸಲ, ಬಾಯಿ ಬಿಟ್ಟು ಹೇಳಿದವಳು ಅವಳು. "ಕಂಡ್ರೆ ನಮಗಲ್ಲ. ಇದು ನನಗೆ ಬರ್ದಿದ್ದೇ ಅಲ್ಲ ಇಂದ್ರಕ್ಕ. ಕರೆಂಟ್ ಬಿಲ್ ಇದ್ದಂಗೆ, ಊರಿಗೆಲ್ಲ ಎಸ್ದವ್ನೆ. ನಾನು ಯಾರು, ಹೆಂಗಸೋ ಗಂಡಸೋ, ಅವನಿಗೆ ಗೊತ್ತೇ ಇಲ್ಲ. ಯಾವ ವಿಡಿಯೋನೂ ಇಲ್ಲ." ನಾನು ದೇವರಿಗೆ ಕೈ ಮುಗಿದೆ. ಅವಳಿಗೆ ಮಾತ್ರ ಸಮಾಧಾನವಾಗುವ ಬದಲು ಸಿಟ್ಟು ನೆತ್ತಿಗೇರಿತು. "ನನ್ನ ಹೆಸರೂ ತಿಳ್ಕೊಳ್ದೆ ನನ್ನ ಮಾನ ಕಳೀತೀನಿ ಅಂದ್ನಾ? ಅಷ್ಟು ಅಗ್ಗವಾ ನಾನು?" ಎಂದು ಉತ್ತರ ಬರೆಯಲು ಸೆರಗು ಸಿಕ್ಕಿಸಿಕೊಂಡಳು. ಅವಳ ಬಾಯಿ ನನಗೆ ಗೊತ್ತಿದ್ದರಿಂದ, ಮೊದಲು ಪೊಲೀಸರಿಗೆ ಫೋನ್ ಮಾಡೋಣ ಎಂದು ತಡೆದೆ.

ಸೈಬರ್ ಠಾಣೆಯಲ್ಲಿ ಫೋನ್ ಎತ್ತಿದವರು ಮೆಹರುನ್ನಿಸಾ ಎಂಬ ಹೆಣ್ಣುಮಗಳು. ನಾವು ಪೂರ್ತಿ ಹೇಳುವ ಮುಂಚೆಯೇ ಮುಂದಿನದನ್ನು ಅವರೇ ಹೇಳಿದರು. "ಆ ಪಾಸ್‌ವರ್ಡ್ ಹಳೇದಾ ಅಮ್ಮ?" ಎಂದು ಕೇಳಿದರು. ಹೌದು, ಏಳು ವರ್ಷದ ಹಿಂದೆ ಒಂದು ಸೀರೆ ತರಿಸಲು ಯಾವುದೋ ಅಂಗಡಿಗೆ ಕೊಟ್ಟದ್ದು. "ಅಲ್ಲಿಂದ ಕದ್ದಿರ್ತಾರೆ. ಅದೊಂದು ನಿಜ ಇಟ್ಕೊಂಡು ಮಿಕ್ಕಿದ್ದೆಲ್ಲ ಸುಳ್ಳು ಹೇಳ್ತಾರೆ. ದುಡ್ಡು ಕಳಿಸ್ಬೇಡಿ, ಅದರಲ್ಲಿರೋ ಏನನ್ನೂ ಒತ್ತಬೇಡಿ, ಉತ್ತರ ಕೊಡ್ಬೇಡಿ. ಮೇಲ್ ಅಳಿಸ್ದೆ ನಮಗೊಂದು ಕಾಪಿ ಕಳಿಸಿ. ಆ ಪಾಸ್‌ವರ್ಡ್ ಎಲ್ಲೆಲ್ಲಿ ಇಟ್ಟಿದೀರೋ ಅಲ್ಲೆಲ್ಲಾ ಬದಲಾಯ್ಸಿ."

"ಒಂದೇ ಒಂದು ಬೈಗುಳ?" ಎಂದಳು ದಾಕ್ಷಾಯಿಣಿ, ಬಹಳ ಆಸೆಯಿಂದ.

"ಅರ್ಧಾನೂ ಬೇಡ. ಬೈದ್ರೆ ಈ ವಿಳಾಸದಲ್ಲಿ ಜೀವಂತ ಜನ ಇದಾರೆ ಅಂತ ಗೊತ್ತಾಗುತ್ತೆ. ನಾಳೆ ಹತ್ತು ಬರುತ್ತೆ." ಫೋನ್ ಇಡುವ ಮುಂಚೆ ಅವರು ಇನ್ನೊಂದು ಮಾತು ಅಂದರು. "ಅಲ್ಲ ಅಮ್ಮ, ಸುತ್ತಮುತ್ತ ಎಲ್ಲಾ ಊರಿಂದ ಕಂಪ್ಲೇಂಟ್ ಬಂದಿದೆ. ನಿಮ್ಮೂರಿಂದ ನೀವೇ ಮೊದಲು. ಅಲ್ಲಿ ಯಾರಿಗೂ ಬಂದಿಲ್ವಾ?"

ನಾನೂ ದಾಕ್ಷಾಯಿಣಿಯೂ ಮುಖ ಮುಖ ನೋಡಿಕೊಂಡೆವು. ಬಂದಿಲ್ಲದೆ ಏನು? ಬಂದಿದೆ, ಓದಿದ್ದಾರೆ, ಒಂದೊಂದು ಲೋಟ ನೀರು ಕುಡಿದು ಬಾಯಿ ಮುಚ್ಚಿಕೊಂಡಿದ್ದಾರೆ. ಓದಿಸಿಕೊಂಡವರು ಮರ್ಯಾದೆಗೆ ಗೋಡೆ ನೋಡುತ್ತಾ ಕೂತಿದ್ದಾರೆ. ಅಷ್ಟೂ ಜನರಲ್ಲಿ ಒಬ್ಬರಾದರೂ ಮರ್ಯಾದೆ ಬಿಟ್ಟು ಕತ್ತು ತಿರುಗಿಸಿದ್ದರೆ ಮುಗಿದುಹೋಗುತ್ತಿತ್ತು. ನಮ್ಮ ಹಿರಿಯರು ಮಾಡಿದ ಕಟ್ಟಳೆ ಕಳ್ಳನಿಗೆ ಇಷ್ಟು ಅನುಕೂಲವಾಗುತ್ತದೆ ಎಂದು ಯಾರು ಕಂಡಿದ್ದರು?

ದಾಕ್ಷಾಯಿಣಿ ಎದ್ದಳು. ನನ್ನ ಸೀಮೆಸುಣ್ಣ ಕಿತ್ತುಕೊಂಡು, ಡಬ್ಬದ ನಂಬರು ಬರೆಯುವ ಕಪ್ಪು ಗೋಡೆಯ ಮೇಲೆ ಆ ಮೇಲನ್ನು ಪೂರ್ತಿ ಇಳಿಸಿದಳು. ತನಗೆ ಬಂದ ಕಾಗದ ತಾನು ತೋರಿಸಿದರೆ ಯಾವ ನೀರಿನ ಅಡ್ಡಿಯೂ ಇಲ್ಲ. ಹನ್ನೊಂದು ಗಂಟೆಗೆ ಡಬ್ಬ ಹಿಡಿದು ಬಂದವರು ಒಬ್ಬೊಬ್ಬರಾಗಿ ಓದಿದರು. ಮೊದಲು ಮುಖ ಬಿಳಿಚಿಕೊಂಡವರು ಹಾಲಿನ ಡೇರಿಯ ಕಾರ್ಯದರ್ಶಿ ಕೆಂಚಪ್ಪನವರು, ವಾರಕ್ಕೆರಡು ಭಜನೆ ನಡೆಸುವವರು.

"ಇದು... ಎಲ್ಲಾರಿಗೂ ಬರೋದಾ?" ಎಂದರು, ದನಿಯೇ ಇಲ್ಲ.

"ನಿಮಗೂ ಬಂತಾ ಕೆಂಚಪ್ಪಣ್ಣ?"

"ನನಗೆ ಹೆಂಗೆ ಬರುತ್ತೆ? ಛೆ ಛೆ" ಎಂದವರು ಡಬ್ಬ ಕೆಳಗಿಟ್ಟು, ಗೋಡೆಯನ್ನು ಇನ್ನೊಂದು ಸಲ ಓದಿ, "ನಂದು ಎಮ್ಮೆ ಒಂದು ಎರಡು ಮೂರು" ಎಂದರು. ಹಿಂದಿನ ದಿನದಿಂದ ಅವರು ಹೆಂಡತಿಯ ಮುಖ ನೋಡಿರಲಿಲ್ಲವಂತೆ. ವಿಚಿತ್ರ ರುಚಿ ಏನು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಊಟದ ಹೊತ್ತಿಗೆ ಇನ್ನೂ ಹತ್ತು ಜನ ಒಪ್ಪಿಕೊಂಡರು. ಸಾಲಿನಲ್ಲಿ ನಿಂತವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ನಗುತ್ತಲೇ ಒಬ್ಬಾಕೆ, "ಅದ್ಸರಿ ದಾಕ್ಷಾಯಿಣಮ್ಮ, ನೀನು ಯಾಕೆ ಹೆದರ್ಕೊಂಡೆ? ನಿಂದೇನಿತ್ತು?" ಎಂದು ಕೇಳಿದಳು.

ನಾನು ಮಾತು ತಿರುಗಿಸಲು ಬಾಯಿ ತೆರೆದೆ. ದಾಕ್ಷಾಯಿಣಿ ಕೈ ಅಡ್ಡ ಹಿಡಿದಳು.

"ಮಧ್ಯಾಹ್ನ ಹೊತ್ತು ಹೂವು ಮುಡ್ಕೊಂಡು ಗಿರಣಿ ಸಾಮಾನಿನ ಪರಮಶಿವಯ್ಯನವರ ಜೊತೆ ಮಾತಾಡ್ತೀನಿ. ನಗ್ತೀನಿ. ನಮ್ಮ ಮೈದುನಂದಿರಿಗೆ ಹೇಳೋರು ಈಗಲೇ ಹೋಗಿ ಹೇಳಿ, ಹಿಟ್ಟು ಆಮೇಲೆ ತಗೊಂಡು ಹೋಗಿ" ಎಂದಳು. ಯಾರೂ ಕದಲಲಿಲ್ಲ. ಅವಳ ಮುಖ ಮಾತ್ರ ಒಮ್ಮೆಲೇ ಇಳಿಯಿತು. "ಮಾತಾಡ್ತಿದ್ದೆ" ಎಂದು ತಿದ್ದಿಕೊಂಡು ಬೆಲ್ಟಿನ ಕಡೆ ತಿರುಗಿದಳು.

ಆವತ್ತೇ ಪರಮಶಿವಯ್ಯನವರಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಕ್ಷಮಿಸಿ ಎಂದು ಮೇಲ್ ಬರೆದಳು. ಒಂದು ಸಾಲು ಬರೆದು, ಅಳಿಸಿ, ಅರ್ಧ ಪುಟ ಬರೆದು, ಅಳಿಸಿ, ಕಡೆಗೆ ನಡೆದದ್ದನ್ನೆಲ್ಲ ಬರೆದು ಕಳಿಸಿದಳು. ಪಾಸ್‌ವರ್ಡ್ ಬದಲಾಯಿಸಿದೆವು, ಹೊಸದು ನನಗೂ ಗೊತ್ತಿಲ್ಲ. ಕ್ಯಾಮೆರಾದ ಕಣ್ಣಿಗೆ ನನ್ನ ಪ್ಯಾಕೆಟ್ಟಿನಿಂದ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಿದೆ. ಬೇಕಾದಾಗ ತೆಗಿ ಎಂದೆ. ಯಾವಾಗ ಬೇಕಾಗುತ್ತೆ ಎಂದು ಅವಳು ಕೇಳಿದಳು. ಐದು ದಿನ ಏನೂ ಬರಲಿಲ್ಲ. ಮಧ್ಯಾಹ್ನ ಎರಡಕ್ಕೆ ಅವಳು ಷಟರ್ ಎಳೆಯುವುದನ್ನೇ ಬಿಟ್ಟಳು. ಮೈದುನಂದಿರು ಬಂದು ಕೂಗಾಡಿದರು, ಎದುರು ಮಾತಾಡದೆ ಜೋಳ ಬೀಸಿದಳು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು. ದಾಕ್ಷಾಯಿಣಿ ಎದುರು ಮಾತಾಡದೆ ಇದ್ದಾಳೆ ಎಂದರೆ ಏನರ್ಥ?

ಆರನೆಯ ದಿನ ಬೆಳಿಗ್ಗೆ ಮೇಲ್ ಬಂತು. ನನ್ನನ್ನು ಕರೆದಳು, ಆದರೆ ಲ್ಯಾಪ್‌ಟಾಪ್ ಮುಟ್ಟಲು ಬಿಡಲಿಲ್ಲ. ಅವಳ ಕೈ ಅದರ ಮುಚ್ಚಳದ ಮೇಲೇ ಇತ್ತು.

"ಮೊದಲು ನಾನು ನೋಡ್ತೀನಿ ಇಂದ್ರಕ್ಕ. ಕಂಡ್ರೆ ಮುಗೀತು. ಬರೀ ಬೆಲೆಪಟ್ಟಿ ಕಳಿಸವ್ರೆ ಅಂತ ಲೆಕ್ಕ. ನೀವು ಓದೋದೇ ಬೇಡ, ಅಂಗಡಿಗೆ ಹೋಗಿ."

ಅವಳು ತೆರೆದಳು. ನಾನು ಅವಳ ಮುಖವನ್ನೇ ನೋಡಿದೆ. ಮೇಲಿನಿಂದ ಕೆಳಗೆ ನೋಡಿದಳು. ಕೆಳಗಿನಿಂದ ಮೇಲೆ ನೋಡಿದಳು. ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದಳು.

"ಒಂದಕ್ಷರಾನೂ ಇಲ್ಲ" ಎಂದಳು. ದನಿ ಒಡೆದಿತ್ತು. ಅಷ್ಟು ಬೆಳ್ಳಗಿನ ತೆರೆಯನ್ನು ಒಬ್ಬ ಹೆಂಗಸು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿಲ್ಲ. ನಾನು ಅವಳ ಭುಜದ ಮೇಲಿಂದ ಬಗ್ಗಿ ಓದಿಕೊಂಡೆ. ಓದುತ್ತಾ ಓದುತ್ತಾ ನನ್ನ ಕಿವಿ ಬಿಸಿಯಾಯಿತು.

"ಬೈದವ್ರಾ?" ಎಂದು ಕೇಳಿದಳು.

"ಬೈದವ್ರೆ."

"ಜಾಸ್ತಿನಾ?"

"ಎರಡು ಪುಟ ಕಣೇ. ಉಸಿರು ತಗೊಳ್ಳೋಕೂ ನಿಲ್ಲಿಸಿಲ್ಲ."

ದಾಕ್ಷಾಯಿಣಿ ನಕ್ಕಳು. ಹನ್ನೊಂದು ವರ್ಷದಿಂದ ಅವಳಿಗೆ ಓದುತ್ತಿರುವ ನಾನು ಆ ನಗುವನ್ನು ಕೇಳಿದ್ದು ಅದೇ ಮೊದಲು, ಗಿರಣಿಯ ತಗಡು ಅದುರುವಷ್ಟು ಜೋರು. ಬಾಗಿಲಲ್ಲಿ ಡಬ್ಬ ಹಿಡಿದು ನಿಂತಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಅವಳು ಮೂಟೆಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ಸೆರಗಿನಿಂದ ಮುಖ ಒರೆಸಿ, ಹಬ್ಬದೂಟಕ್ಕೆ ಕೂತವಳ ಹಾಗೆ ಕಾಲು ಮಡಚಿ ಕೂತಳು.

"ನಿಧಾನಕ್ಕೆ ಓದಿ ಇಂದ್ರಕ್ಕ" ಎಂದಳು. "ಒಂದು ಬೈಗುಳಾನೂ ಬಿಡಬೇಡಿ. ಎಲ್ಲಾ ನಂದೇ."